ನಾರ್ಮನ್ನನ ಜೋಡು ಹೇಗಿತ್ತು?

ಕಳೆದ ಡಿಸೆಂಬರ್‌ನಲ್ಲಿ ಊರಿಗೆ ಬಂದಿದ್ದಾಗ ಓದುಗರ ಒಂದು ಗುಂಪಿನವರು ಕರೆದು ಮಾತಾಡಿಸಿದರು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಕೆಮ್ಮು, ಫ್ಯಾನಿನ ಸದ್ದು, ನಡುವೆ ಕರೆಂಟ್ ಹೋದ ಹತ್ತು ನಿಮಿಷ, ಇವನ್ನು ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಹೀಗೆ ಮೊಣಕಾಲುದ್ದದ ಉಣ್ಣೆ ಅಂಗಿ ಹಾಕಿಕೊಂಡು ಬಸ್ಸಿನಲ್ಲಿ ಬಂದವನನ್ನು ಒಳಗೆ ಬಿಟ್ಟಿದ್ದಕ್ಕೇ ಮೊದಲು ಥ್ಯಾಂಕ್ಸ್.

ನಾನು ಇಂಗ್ಲೆಂಡಿಗೆ ಹೋಗಿ ಹನ್ನೆರಡು ವರ್ಷವಾಯಿತು. ವಾರವೆಲ್ಲ ಕಂಪ್ಯೂಟರ್ ಕೆಲಸ. ಬೇಸಿಗೆಯ ಶನಿವಾರ, ಭಾನುವಾರ ಮಾತ್ರ ನಾನು 11ನೇ ಶತಮಾನದ ನಾರ್ಮನ್ ಕಾಲಾಳು. ಯಾವುದೋ ಹಳೇ ಕೋಟೆಯ ಬಯಲಿನಲ್ಲಿ ಡೇರೆ ಹಾಕಿ, ಸೌದೆ ಒಲೆ ಹೊತ್ತಿಸಿ, ನೋಡಲು ಬಂದ ಜನಕ್ಕೆ ಆ ಕಾಲದ ಬದುಕು ತೋರಿಸುವುದು ಕೆಲಸ. ಅಲ್ಲಿ ಇದನ್ನು ಲಿವಿಂಗ್ ಹಿಸ್ಟರಿ ಅನ್ನುತ್ತಾರೆ. ನನ್ನ ಸೋದರತ್ತೆಗೆ ಫೋಟೋ ಕಳಿಸಿದ್ದೆ. "ಈ ವಯಸ್ಸಿನಲ್ಲಿ ಛದ್ಮವೇಷ ಸ್ಪರ್ಧೆ ಏನೋ?" ಅಂದರು.

ಛದ್ಮವೇಷವೇ. ಒಂದೇ ವ್ಯತ್ಯಾಸ. ಸ್ಕೂಲಿನಲ್ಲಿ ನಾನು ಕಿತ್ತೂರು ಚೆನ್ನಮ್ಮನ ಸೈನಿಕನಾದಾಗ ರಟ್ಟಿನ ಕತ್ತಿ ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ಇಲ್ಲಿ ಕೇಳುತ್ತಾರೆ. ಗುಂಪಿಗೆ ಸೇರಿದ ಮೊದಲ ದಿನ ಹಿರಿಯರೊಬ್ಬರು ನನ್ನ ಬೆಲ್ಟಿನ ಬಕಲ್ ಹಿಡಿದು ನೋಡಿ, "ಚೆನ್ನಾಗಿದೆ. ಆಗ ಹೀಗಿತ್ತು ಅಂತ ನಿನಗೆ ಹೇಗೆ ಗೊತ್ತು?" ಅಂದರು. ಗೊತ್ತಿರಲಿಲ್ಲ. ಸಂಜೆಯೊಳಗೆ ಬಕಲ್ ಚೀಲ ಸೇರಿತು. ಆ ಪ್ರಶ್ನೆಗೆ ಉತ್ತರ ಎಲ್ಲೆಲ್ಲಿ ಸಿಗುತ್ತದೆ ಅನ್ನುವುದೇ ಇವತ್ತಿನ ಮಾತು.

ಮೊದಲು, ನಾರ್ಮನ್ನರು ಯಾರು? ಉತ್ತರದಿಂದ ಹಡಗಿನಲ್ಲಿ ಬಂದ ವೈಕಿಂಗ್ ಗುಂಪಿನ ರೊಲ್ಲೊ ಎಂಬ ನಾಯಕನಿಗೆ ಫ್ರಾನ್ಸಿನ ಅರಸ 911ರಲ್ಲಿ ಸೇನ್ ನದಿಯ ಕೆಳಗಿನ ಜಾಗ ಬಿಟ್ಟುಕೊಟ್ಟ. ಉತ್ತರದವರು ನೆಲೆಸಿದ ನಾಡು ನಾರ್ಮಂಡಿ ಆಯಿತು. ನೂರು ವರ್ಷ ಕಳೆಯುವುದರೊಳಗೆ ಅವರು ಫ್ರೆಂಚ್ ಮಾತಾಡುವ, ಕುದುರೆ ಮೇಲೆ ಕೂತು ಕಾದಾಡುವ ಕ್ರೈಸ್ತರಾಗಿದ್ದರು. 1066ರ ಅಕ್ಟೋಬರ್ 14ರಂದು ಹೇಸ್ಟಿಂಗ್ಸ್ ಹತ್ತಿರ ಅವರ ಡ್ಯೂಕ್ ವಿಲಿಯಂ ಇಂಗ್ಲೆಂಡಿನ ರಾಜ ಹೆರಾಲ್ಡನನ್ನು ಸೋಲಿಸಿದ. ಅದೇ ಹೊತ್ತಿಗೆ ಬೇರೆ ನಾರ್ಮನ್ನರು ದಕ್ಷಿಣ ಇಟಲಿ ಹಿಡಿದಿದ್ದರು, ಆಮೇಲೆ ಸಿಸಿಲಿಯನ್ನೂ. ಹಾಗಾಗಿ "ನಾನು ನಾರ್ಮನ್" ಅಂದರೆ ಸಾಲದು. ಯಾವ ಊರು, ಯಾವ ವರ್ಷ, ಶ್ರೀಮಂತನೋ ಬಡವನೋ? ನನ್ನದು 1070ರ ಸುಮಾರಿನ, ಇಂಗ್ಲೆಂಡಿಗೆ ಬಂದ, ಕುದುರೆ ಇಲ್ಲದ ಸಾಮಾನ್ಯ ಸೈನಿಕ. ಕುದುರೆ ಸಾಕುವಷ್ಟು ದುಡ್ಡು ಅವನಿಗೂ ಇಲ್ಲ, ನನಗೂ ಇಲ್ಲ.

ಈಗ ಬೇಯೂ ಪಟ್ಟಿಗೆ ಬರೋಣ. ವಿಲಿಯಂ ಇಂಗ್ಲೆಂಡ್ ಗೆದ್ದ ಕಥೆಯನ್ನು ಚಿತ್ರಗಳಲ್ಲಿ ಹೇಳುವ ಉದ್ದನೆಯ ಬಟ್ಟೆ ಪಟ್ಟಿ, ನಾರ್ಮಂಡಿಯ ಬೇಯೂ ಊರಿನದು. ನಾರ್ಮನ್ ವೇಷ ಕಟ್ಟುವ ಎಲ್ಲರೂ ಮೊದಲು ಹೋಗಿ ನಿಲ್ಲುವುದು ಇದರ ಮುಂದೆಯೇ. ಟ್ಯಾಪೆಸ್ಟ್ರಿ ಅಂತ ಹೆಸರು. ಆದರೆ ಅದು ನೇಯ್ದದ್ದಲ್ಲ, ಕಸೂತಿ. ಲಿನನ್ ಬಟ್ಟೆಯ ಮೇಲೆ ಉಣ್ಣೆ ದಾರದಲ್ಲಿ ಹಾಕಿದ ಕಸೂತಿ. ಉದ್ದ ಸುಮಾರು 70 ಮೀಟರ್, ಅಗಲ ಅರ್ಧ ಮೀಟರ್ ಅಷ್ಟೇ. ಒಂಬತ್ತು ತುಂಡು ಸೇರಿಸಿ ಹೊಲಿದದ್ದು. ವಿಲಿಯಂನ ಅದೇ ತಾಯಿಯ, ಬೇರೆ ತಂದೆಯ ತಮ್ಮ, ಬೇಯೂ ಊರಿನ ಬಿಷಪ್ ಓಡೋ ಮಾಡಿಸಿದ್ದು ಅಂತ ಬಹಳಷ್ಟು ವಿದ್ವಾಂಸರ ಅಭಿಪ್ರಾಯ. ಮಾಡಿದ್ದು ಇಂಗ್ಲೆಂಡಿನಲ್ಲಿ, ಬಹುಶಃ ಕ್ಯಾಂಟರ್ಬರಿಯಲ್ಲಿ. ಅಂದರೆ ಗೆದ್ದವರ ಕಥೆಯನ್ನು ಸೋತವರ ಕೈ ಹೊಲಿದಿದೆ.

ಅದರಲ್ಲಿ ಏನಿಲ್ಲ ಹೇಳಿ! ಮರ ಕಡಿದು ಹಡಗು ಕಟ್ಟುವವರು, ಕೊಪ್ಪರಿಗೆಯಲ್ಲಿ ಅಡುಗೆ ಬೇಯಿಸುವವರು, ಕೋಳಿಗಳನ್ನು ಕಡ್ಡಿಗೆ ಚುಚ್ಚಿ ತರುವವರು, ಡಾಲುಗಳನ್ನೇ ಊಟದ ಮೇಜು ಮಾಡಿಕೊಂಡವರು. ಕಬ್ಬಿಣದ ಉಂಗುರಗಳ ಅಂಗಿಯನ್ನು ಕೋಲಿಗೆ ತೂರಿಸಿ ಇಬ್ಬಿಬ್ಬರು ಹೊತ್ತು ಹಡಗಿಗೆ ಸಾಗಿಸುತ್ತಾರೆ. ಅಂಥ ಅಂಗಿ ಹತ್ತು ಕಿಲೋ ದಾಟುತ್ತದೆ. ಕೈಯಲ್ಲಿ ಮಡಚಿ ಹಿಡಿದರೆ ಜಾರುವ ಹಾವಿನಂತೆ ಬಿದ್ದುಹೋಗುತ್ತದೆ. ನಾನೂ ಕೋಲಿಗೇ ತೂರಿಸುತ್ತೇನೆ. ಹೊಲಿದವರು ಕಣ್ಣಾರೆ ಕಂಡು ಹೊಲಿದಿದ್ದಾರೆ ಅಂತ ನನಗೆ ನಂಬಿಕೆ ಬಂದದ್ದು ಅವತ್ತೇ.

ಕೂದಲು ನೋಡಿ. ಕಥೆಯ ಮೊದಲ ಭಾಗದಲ್ಲಿ ನಾರ್ಮನ್ನರ ಹಿಂದಲೆ ಪೂರ್ತಿ ಬೋಳು, ಮುಂದೆ ಮಾತ್ರ ಕೂದಲು. ಇಂಗ್ಲಿಷರಿಗೆ ಮೀಸೆ. ಮಾಮ್ಸ್‌ಬರಿಯ ವಿಲಿಯಂ ಎಂಬ ಸನ್ಯಾಸಿ 12ನೇ ಶತಮಾನದಲ್ಲಿ ಬರೆದ ಕಥೆಯೊಂದಿದೆ. ಹೆರಾಲ್ಡನ ಗೂಢಚಾರರು ನಾರ್ಮನ್ ಪಾಳೆಯ ನೋಡಿಬಂದು, ಅಲ್ಲಿರುವವರೆಲ್ಲ ಪಾದ್ರಿಗಳು ಅಂದರಂತೆ. ಯಾಕೆ? ಒಬ್ಬರಿಗೂ ಗಡ್ಡ, ಮೀಸೆ ಇರಲಿಲ್ಲ. ನಾನು ಮೀಸೆ ಬೋಳಿಸಿದ್ದು ಇದಕ್ಕೇ. ಹಿಂದಲೆ ಬೋಳಿಸುವುದಕ್ಕೆ ಮಾತ್ರ ಮನೆಯಲ್ಲಿ ಪರ್ಮಿಷನ್ ಸಿಕ್ಕಿಲ್ಲ.

ಇಷ್ಟೆಲ್ಲ ಕೊಡುವ ಈ ಪಟ್ಟಿ ದಾರಿ ತಪ್ಪಿಸುವುದೂ ಅಷ್ಟೇ ಚೆನ್ನಾಗಿ. ಬಿಷಪ್ ಓಡೋ ಊಟಕ್ಕೆ ಕೂತ ದೃಶ್ಯದಲ್ಲಿ ಮೇಜು ಅರ್ಧ ಚಂದ್ರನ ಆಕಾರದಲ್ಲಿದೆ. ಹಾಗಾದರೆ ನಾರ್ಮನ್ನರ ಊಟದ ಮೇಜು ಅರ್ಧ ಚಂದ್ರನಂತೆ ಇತ್ತು, ಮಾಡಿಸೋಣವಾ? ತಡೀರಿ. ಕ್ಯಾಂಟರ್ಬರಿಯಲ್ಲಿ ಆಗ 6ನೇ ಶತಮಾನದ ಇಟಲಿಯ ಒಂದು ಹಸ್ತಪ್ರತಿ ಇತ್ತು, ಸಂತ ಅಗಸ್ಟೀನನ ಸುವಾರ್ತೆ ಪುಸ್ತಕ. ಅದರಲ್ಲಿ ಯೇಸುವಿನ ಕೊನೆಯ ಭೋಜನದ ಚಿತ್ರದಲ್ಲಿ ಇಂಥದ್ದೇ ಮೇಜು. ಕಸೂತಿಗೆ ಚಿತ್ರ ಬರೆದುಕೊಟ್ಟವರು ಅದನ್ನು ನೋಡಿ ಇಳಿಸಿಕೊಂಡಿದ್ದಾರೆ. ಮೇಜು ಇಟಲಿಯದ್ದು, ಅದೂ ಐನೂರು ವರ್ಷ ಹಳೆಯದು. ಅದೇ ದೃಶ್ಯದ ಪಕ್ಕದಲ್ಲಿ ಡಾಲಿನ ಮೇಲೆ ಉಣ್ಣುವವರನ್ನು ನಾನು ನಂಬುತ್ತೇನೆ, ಬಿಷಪ್ಪನ ಮೇಜನ್ನು ನಂಬುವುದಿಲ್ಲ.

ಉಂಗುರದ ಅಂಗಿಯದೂ ಹೀಗೇ ಒಂದು ಫಜೀತಿ. ಪಟ್ಟಿಯಲ್ಲಿ ಅದು ತೊಡೆಯ ಹತ್ತಿರ ಚಡ್ಡಿಯ ಹಾಗೆ ಎರಡು ಕಾಲಾಗಿ ಕಾಣುತ್ತದೆ. ಚಡ್ಡಿಯೇ ಅಂತ ನಂಬಿ ಮಾಡಿಸಿಕೊಂಡವರಿದ್ದಾರೆ. ಅದನ್ನು ಹಾಕಿಕೊಂಡು ಕುದುರೆ ಜೀನಿನ ಮೇಲೆ ಕೂತರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳುವುದಿಲ್ಲ, ಹೆಂಗಸರು ಮಕ್ಕಳು ಇದ್ದೀರಿ. ಹಿಂದೆ ಮುಂದೆ ಸೀಳು ಬಿಟ್ಟ ಅಂಗಿ, ಕುದುರೆ ಮೇಲೆ ಕೂತಾಗ ಎರಡು ಕಡೆ ಇಳಿಬಿದ್ದದ್ದನ್ನು ಸೂಜಿಯಲ್ಲಿ ತೋರಿಸಲು ಹೋಗಿ ಹಾಗಾಗಿದೆ ಅಂತ ಈಗ ಹೆಚ್ಚಿನವರ ಲೆಕ್ಕ.

ಇನ್ನು ರಿಪೇರಿ. ಒಂಬೈನೂರು ವರ್ಷದ ಬಟ್ಟೆ, ಎಷ್ಟೋ ಕಡೆ ಆಮೇಲೆ ಹೊಲಿದದ್ದು. ಹೆರಾಲ್ಡನ ಕಣ್ಣಿಗೆ ಬಾಣ ನೆಟ್ಟ ದೃಶ್ಯ ಇಂಗ್ಲೆಂಡಿನ ಪ್ರತಿ ಮಗುವಿಗೂ ಗೊತ್ತು. ಆದರೆ 18ನೇ ಶತಮಾನದಲ್ಲಿ ಅದನ್ನು ನೋಡಿ ಬರೆದ ಚಿತ್ರದಲ್ಲಿ ಆ ಬಾಣಕ್ಕೆ ಗರಿಯೇ ಇಲ್ಲ, ಈಟಿ ಹಿಡಿದಂತಿದೆ. ಗರಿ ರಿಪೇರಿಯಲ್ಲಿ ಬಂತಾ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಬಣ್ಣ ತಿಳಿಯಬೇಕಾದರೆ ಪಟ್ಟಿಯ ಹಿಂಬದಿ ನೋಡಬೇಕು ಅನ್ನುತ್ತಾರೆ. ಬೆಳಕು ಬೀಳದೆ ಅಲ್ಲಿ ಬಣ್ಣ ಮಾಸಿಲ್ಲ.

ಮೂಲ ಪಟ್ಟಿ ನೋಡಲು ಆಗದವರಿಗೆ ಇಂಗ್ಲೆಂಡಿನ ರೆಡಿಂಗ್ ಮ್ಯೂಸಿಯಂನಲ್ಲಿ ಪೂರ್ತಿ ಅಳತೆಯ ನಕಲಿದೆ. 1885–86ರಲ್ಲಿ ಲೀಕ್ ಎಂಬ ಊರಿನ ಹೆಂಗಸರು ಎಲಿಜಬೆತ್ ವಾರ್ಡಲ್ ಮುಂದಾಳುತನದಲ್ಲಿ ಹೊಲಿದದ್ದು. ದಾರಕ್ಕೆ ಬಣ್ಣ ಹಾಕಿಸಿದವರು ಅವರ ಗಂಡ ಥಾಮಸ್ ವಾರ್ಡಲ್, ನಮ್ಮ ದೇಶದ ಟಸ್ಸರ್ ರೇಷ್ಮೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು. ಮೂಲದ ಅಂಚಿನಲ್ಲಿ ಕೆಲವು ಬೆತ್ತಲೆ ಗಂಡಸರಿದ್ದಾರೆ. ನಕಲಿನಲ್ಲಿ ಅವರಿಗೆ ಚಡ್ಡಿ ಬಂದಿದೆ. ವಿಕ್ಟೋರಿಯಾ ರಾಣಿಯ ಕಾಲ ಅಲ್ವಾ.

ಹೆಂಗಸರ ವೇಷಕ್ಕೆ ಮಾತ್ರ ಬೇಯೂ ಪಟ್ಟಿ ಕೈಕೊಡುತ್ತದೆ. ಆರುನೂರಕ್ಕೂ ಜಾಸ್ತಿ ಮನುಷ್ಯರಿದ್ದಾರೆ, ನಡುವಿನ ಮುಖ್ಯ ಕಥೆಯಲ್ಲಿ ಹೆಂಗಸರು ಮೂರೇ ಜನ. ಅವರಲ್ಲಿ ಒಬ್ಬಳು ಸೈನಿಕರು ಬೆಂಕಿ ಇಟ್ಟ ಮನೆಯಿಂದ ಮಗುವಿನ ಕೈ ಹಿಡಿದು ಹೊರಬರುವವಳು. ನಮ್ಮ ಗುಂಪಿನ ಹೆಂಗಸರು ಹಸ್ತಪ್ರತಿಗಳನ್ನು ಹುಡುಕಿಕೊಂಡು ಹೋಗುತ್ತಾರೆ. 1031ರ ಸುಮಾರಿನ ಒಂದು ಚಿತ್ರದಲ್ಲಿ ರಾಣಿ ಎಮ್ಮಾ ತನ್ನ ಗಂಡ ಕ್ನೂಟ್ ದೊರೆಯ ಜೊತೆ ನಿಂತಿದ್ದಾಳೆ. ಎಮ್ಮಾ ನಾರ್ಮಂಡಿಯ ಮಗಳು, ವಿಲಿಯಂನ ಅಜ್ಜನ ತಂಗಿ. ತಲೆವಸ್ತ್ರ ಹೇಗೆ ಹೊದ್ದಿದ್ದಾಳೆ, ತೋಳು ಎಷ್ಟು ಅಗಲ, ಎಲ್ಲ ಕಾಣುತ್ತದೆ. ಆ ಪುಸ್ತಕ ಬ್ರಿಟಿಷ್ ಲೈಬ್ರರಿಯದ್ದು. 2023ರ ಅಕ್ಟೋಬರ್‌ನಲ್ಲಿ ಲೈಬ್ರರಿಯ ಮೇಲೆ ಸೈಬರ್ ದಾಳಿಯಾಗಿ ಹಸ್ತಪ್ರತಿಗಳೆಲ್ಲ ಇಂಟರ್‌ನೆಟ್‌ನಿಂದ ಮಾಯವಾದವು. ಸ್ವಲ್ಪ ಸ್ವಲ್ಪವಾಗಿ ವಾಪಸ್ ಬರುತ್ತಿವೆ. ಅಂದಿನಿಂದ ಬೇಕಾದ ಚಿತ್ರ ಕಂಡ ಕೂಡಲೇ ಇಳಿಸಿ ಇಟ್ಟುಕೊಳ್ಳುವುದು ನಮ್ಮೆಲ್ಲರ ಅಭ್ಯಾಸವಾಗಿದೆ. ನಾರ್ಮಂಡಿಯ ಕಡೆ ಮಾಂ ಸಾಂ ಮಿಶೆಲ್ ಮಠದ ಹಸ್ತಪ್ರತಿಗಳು ಅವ್ರಾಂಶ್ ಊರಿನಲ್ಲಿವೆ. ದೊಡ್ಡಕ್ಷರಗಳ ಒಳಗೆ ಬರೆದ ಪುಟ್ಟ ಪುಟ್ಟ ಮನುಷ್ಯರ ಬಟ್ಟೆ ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ.

ಚಿತ್ರದ ಮಾತು ಸಾಕು. ನನಗೆ ಎಲ್ಲಕ್ಕಿಂತ ಇಷ್ಟವಾದ ಆಧಾರ ಕಸ. ಹೌದು, ತಿಪ್ಪೆ.

ರಾಜನ ಕತ್ತಿಯನ್ನು ಜೋಪಾನ ಮಾಡುತ್ತಾರೆ. ಹರಿದ ಜೋಡನ್ನು ಯಾರು ಇಡುತ್ತಾರೆ? ಬಿಸಾಕುತ್ತಾರೆ. ಅದು ಒದ್ದೆ ಮಣ್ಣಿಗೆ ಬಿದ್ದು, ಗಾಳಿ ತಾಗದೆ ಉಳಿದರೆ, ಸಾವಿರ ವರ್ಷದ ಮೇಲೆ ನನಗೆ ಹಬ್ಬ. ಇಂಗ್ಲೆಂಡಿನ ಯಾರ್ಕ್ ಊರಿನ ಕಾಪರ್‌ಗೇಟ್ ಬೀದಿಯಲ್ಲಿ 1976ರಿಂದ 1981ರವರೆಗೆ ಅಗೆದಾಗ ಇಂಥ ತೊಗಲು, ಮರ, ಬಟ್ಟೆ ರಾಶಿ ರಾಶಿ ಸಿಕ್ಕಿತು. ಉಣ್ಣೆಯ ಒಂದು ಕಾಲುಚೀಲವೂ ಸಿಕ್ಕಿತು. ಒಂದೇ ಸೂಜಿಯಲ್ಲಿ ಕುಣಿಕೆ ಹಾಕುತ್ತಾ ಮಾಡಿದ್ದು. ಎರಡು ಕಡ್ಡಿಯ ಸ್ವೆಟರ್ ಹೆಣಿಗೆ ಆಗಿನ್ನೂ ಆ ಕಡೆ ಬಂದಿರಲಿಲ್ಲ.

ಇದು ನನ್ನ ಜೋಡು, ಹಿಂದಿನವರಿಗೂ ಕಾಣಲಿ. ಇದನ್ನು ಹೊಲಿಯುವುದು ಒಳಭಾಗ ಹೊರಗೆ ಮಾಡಿ. ನಾವು ದಿಂಬಿನ ಕವರ್ ಹೊಲಿದು ತಿರುವಿ ಹಾಕುತ್ತೇವಲ್ಲ, ಹಾಗೆ. ತೊಗಲನ್ನು ನೀರಲ್ಲಿ ನೆನೆಸಿ, ಹೊಲಿದು, ಕಷ್ಟಪಟ್ಟು ತಿರುವಿದರೆ ಹೊಲಿಗೆ ಒಳಗೆ ಹೋಗುತ್ತದೆ. ನೆಲಕ್ಕೆ ಉಜ್ಜಿ ದಾರ ಹರಿಯುವುದಿಲ್ಲ. ಹಿಮ್ಮಡಿಯ ಎತ್ತರ ಇಲ್ಲ, ದಪ್ಪ ಅಟ್ಟೆಯೂ ಇಲ್ಲ. ಹೆಜ್ಜೆ ಇಟ್ಟರೆ ಕಲ್ಲೆಲ್ಲ ಗೊತ್ತಾಗುತ್ತದೆ. ಒಂದು ವಾರಾಂತ್ಯ ಇದರಲ್ಲಿ ನಡೆದರೆ ನಡಿಗೆಯೇ ಬದಲಾಗುತ್ತದೆ, ಹಿಮ್ಮಡಿ ಕುಟ್ಟುವುದು ಬಿಟ್ಟು ಮುಂಗಾಲು ಮೆಲ್ಲಗೆ ಊರುತ್ತೀರಿ. ಇದು ಯಾವ ಪುಸ್ತಕದಿಂದಲೂ ನನಗೆ ತಿಳಿದಿರಲಿಲ್ಲ. ಹೊಸಬರು ಯಾರು ಬಂದರೂ ನಾನು ಹೇಳುವುದು, ಮೊದಲು ಕತ್ತಿ ಕೊಳ್ಳಬೇಡಿ, ಜೋಡು ಹೊಲಿಸಿಕೊಳ್ಳಿ. ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಬಟ್ಟೆಗೆ ಡೆನ್ಮಾರ್ಕಿನ ವಿಬೋರ್ಗ್‌ನಲ್ಲಿ ಸಿಕ್ಕ 11ನೇ ಶತಮಾನದ ಲಿನನ್ ಅಂಗಿ ಇದೆ. ನಾವು ಚಟ್ನಿಪುಡಿ ಕುಟ್ಟುವ ಅಗಸೆ ಇದೆಯಲ್ಲ, ಆ ಗಿಡದ ನಾರೇ ಲಿನನ್. ನಾರ್ವೆಯ ಉತ್ತರ ಭಾಗದಲ್ಲಿ 1936ರಲ್ಲಿ ಜೌಗು ನೆಲದಲ್ಲಿ ಒಂದು ಹೆಣ, ಮೈಮೇಲಿನ ಪೂರ್ತಿ ಉಣ್ಣೆ ಉಡುಪಿನ ಸಮೇತ ಸಿಕ್ಕಿತು. ಕಾಲ ಸರಿಯಾಗಿ ನಮ್ಮದೇ. ಆದರೆ ಅದು ಅಲ್ಲಿನ ಸಾಮಿ ಜನರ ಉಡುಪು ಇರಬಹುದು ಎಂಬ ವಾದವಿದೆ. ನಾರ್ಮಂಡಿಗೂ ಅಲ್ಲಿಗೂ ಎಷ್ಟು ದೂರ! ಕತ್ತರಿಸುವ ರೀತಿ ಕಲಿಯಬಹುದು, ಅಂಗಿಯನ್ನೇ ಎತ್ತಿ ಹಾಕಿಕೊಳ್ಳುವ ಹಾಗಿಲ್ಲ.

ನಾರ್ಮಂಡಿಯದ್ದಲ್ಲದಿದ್ದರೂ ಫ್ರಾನ್ಸಿನದ್ದೇ ಒಂದು ಜಾಗ ನನಗೆ ಬಹಳ ಹತ್ತಿರ. ಆಲ್ಪ್ಸ್ ತಪ್ಪಲಲ್ಲಿ ಪಲಾದ್ರು ಎಂಬ ಸರೋವರ. 11ನೇ ಶತಮಾನದ ಮೊದಲಲ್ಲಿ ನೀರು ಇಳಿದಿದ್ದಾಗ ಕೆಲವು ಮನೆತನಗಳು ದಡದಲ್ಲಿ ಮರದ ದೊಡ್ಡ ಮನೆಗಳನ್ನು ಕಟ್ಟಿಕೊಂಡವು. ಒಂದು ತಲೆಮಾರು ಬದುಕುವುದರೊಳಗೆ ನೀರು ಮತ್ತೆ ಏರಿತು, ಜನ ಬಿಟ್ಟು ಹೋದರು. 1972ರಿಂದ ಮುಳುಗುಗಾರರು ನೀರೊಳಗೇ ಅಗೆದು ತೆಗೆದದ್ದು ನೋಡಬೇಕು. ಮರದ ಬಟ್ಟಲು, ಬಾಚಣಿಗೆ, ಜೋಡು, ಚೆಸ್ ಕಾಯಿ, ವಾದ್ಯಗಳು, ಕುದುರೆ ಸವಾರರ ಸಾಮಾನು. ಹೊಲ ಉಳುವವರೂ ಅವರೇ, ಈಟಿ ಹಿಡಿಯುವವರೂ ಅವರೇ. ನಮ್ಮ ಅಡುಗೆ ಡೇರೆಯ ಮರದ ಬಟ್ಟಲುಗಳಿಗೆಲ್ಲ ಆ ಸರೋವರವೇ ಮಾದರಿ.

ಸಣ್ಣ ಲೋಹದ ವಸ್ತುವಿಗೆ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ ಅಂತ ಒಂದಿದೆ. ಇಂಗ್ಲೆಂಡ್, ವೇಲ್ಸ್‌ನ ಸಾಮಾನ್ಯ ಜನಕ್ಕೆ ಹೊಲದಲ್ಲಿ ಸಿಕ್ಕಿದ್ದನ್ನು ದಾಖಲು ಮಾಡುತ್ತಾರೆ. 1997ರಲ್ಲಿ ಶುರುವಾಗಿ ಈಗ 15 ಲಕ್ಷಕ್ಕೂ ಜಾಸ್ತಿ ವಸ್ತುಗಳಿವೆ, ಫೋಟೋ, ಅಳತೆ ಸಮೇತ, ಪುಕ್ಕಟೆ. ಚೀಲ ಸೇರಿದ ಬಕಲ್ ಜಾಗಕ್ಕೆ ಬಂದ ಬಕಲ್ ಅಲ್ಲಿಂದಲೇ.

ಈಗ ನನ್ನ ಪೆದ್ದುತನದ ಕಥೆ. ಮೊದಲ ವರ್ಷ ಅವಸರಕ್ಕೆ ಬಿದ್ದು ಯಾವುದೋ ಆನ್‌ಲೈನ್ ಅಂಗಡಿಯಿಂದ ಹೆಲ್ಮೆಟ್, ಉಂಗುರದ ಅಂಗಿ ಎರಡೂ ತರಿಸಿದೆ. ಡಬ್ಬಿ ತೆಗೆದರೆ ಮೇಡ್ ಇನ್ ಇಂಡಿಯಾ! ಯುರೋಪಿನಲ್ಲಿ ಮಾರುವ ಇಂಥ ಅಗ್ಗದ ಸಾಮಾನಿನಲ್ಲಿ ಎಷ್ಟೋ ನಮ್ಮ ದೇಶದಲ್ಲೇ ತಯಾರಾಗುತ್ತದೆ. ಖುಷಿಯಾಯಿತು, ಅರ್ಧ ದಿನ. ಅಂಗಿಯ ಉಂಗುರಗಳನ್ನು ಸುಮ್ನೆ ಬಗ್ಗಿಸಿ ತುದಿ ಕೂಡಿಸಿದ್ದರು. ಆ ಕಾಲದ ಅಂಗಿಯಲ್ಲಿ ಒಂದೊಂದು ಉಂಗುರವೂ ಪಕ್ಕದ ನಾಲ್ಕರೊಳಗೆ ತೂರಿರುತ್ತದೆ, ತುದಿ ಕೂಡಿಸಿದ ಉಂಗುರಕ್ಕೆ ಪುಟ್ಟ ರಿವೆಟ್ ಹೊಡೆದಿರುತ್ತದೆ. ರಿವೆಟ್ ಇಲ್ಲದ್ದು ಹೊಡೆತ ಬಿದ್ದರೆ ಬಿಚ್ಚಿಕೊಳ್ಳುತ್ತದೆ. ಮೊದಲ ಬೇಸಿಗೆಯ ಪ್ರದರ್ಶನದಲ್ಲಿ ನಾನು ನಡೆದ ದಾರಿಯಲ್ಲೆಲ್ಲ ಉಂಗುರ ಉದುರಿದವು. ಹೆಲ್ಮೆಟ್ಟಿಗೋ ಮುಖ ಪೂರ್ತಿ ಮುಚ್ಚುವ ಕವಚ, ಸಿನಿಮಾದವರ ಹಾಗೆ. ನಾರ್ಮನ್ ಹೆಲ್ಮೆಟ್ ಮೊನಚು ತಲೆಯದ್ದು, ಮುಂದೆ ಮೂಗಿನ ಮೇಲೆ ಒಂದು ಪಟ್ಟಿ ಮಾತ್ರ. ಮೂಲ ನೋಡಬೇಕಾದರೆ ಪ್ರಾಗ್‌ನಲ್ಲಿ ಸಂತ ವೆನ್ಸೆಸ್ಲಾಸನ ಹೆಲ್ಮೆಟ್ ಇದೆ, ವಿಯೆನ್ನಾದಲ್ಲಿ ಒಂದೇ ಕಬ್ಬಿಣದ ತಗಡನ್ನು ಬಡಿದು ಮಾಡಿದ್ದೊಂದಿದೆ. ಎರಡೂ ನಾರ್ಮಂಡಿಯವಲ್ಲ, ಪಟ್ಟಿಯ ಚಿತ್ರಕ್ಕೆ ಮಾತ್ರ ಚೆನ್ನಾಗಿ ಹೊಂದುತ್ತವೆ.

ಅಂಗಿಯ ಒಳಗೆ ದಪ್ಪ ಹತ್ತಿ ಹಾಸಿದ ಕೋಟು ಹಾಕಿಕೊಳ್ಳುತ್ತೇವೆ. 11ನೇ ಶತಮಾನದ ಮಟ್ಟಿಗೆ ಅದಕ್ಕೆ ಆಧಾರ ತೀರಾ ತೆಳು. ಬೇಯೂ ಪಟ್ಟಿಯ ಕೆಳ ಅಂಚಿನಲ್ಲಿ ಸತ್ತವರ ಅಂಗಿಯನ್ನು ತಲೆ ಮೇಲಿಂದ ಎಳೆದು ಕಳಚುತ್ತಾರೆ, ಒಳಗೆ ಬರೀ ಮೈ. ಆದರೂ ಹಾಕುತ್ತೇವೆ. ಅಲಗು ಮೊಂಡು ಮಾಡಿದ ಕತ್ತಿಯಾದರೂ ಪೆಟ್ಟು ಪೆಟ್ಟೇ. ಸೋಮವಾರ ಆಫೀಸಿದೆ. ಜನ ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇವೆ.

ಬಣ್ಣದ ವಿಷಯ ನಿಮಗೆ ನನಗಿಂತ ಹತ್ತಿರ. ಬೇಯೂ ಪಟ್ಟಿಯ ಸುಮಾರು ಹತ್ತು ಬಣ್ಣವೂ ಮೂರೇ ಗಿಡದಿಂದ ಬಂದವು. ಕೆಂಪಿಗೆ ಮ್ಯಾಡರ್ ಬೇರು. ಅದು ನಮ್ಮ ಮಂಜಿಷ್ಠದ ಅಕ್ಕ ತಂಗಿ. ನೀಲಿಗೆ ವೋಡ್ ಎಲೆ. ಗಿಡ ಬೇರೆ, ಒಳಗಿರುವ ಬಣ್ಣ ನಮ್ಮ ನೀಲಿ ಗಿಡದ್ದೇ. ಹಳದಿಗೆ ವೆಲ್ಡ್. ಬಣ್ಣ ಹಿಡಿಯಲು ಪಟಿಕ. ಇದೇ ನೋಡಿ, ಮಂಜಿಷ್ಠದಲ್ಲಿ ನನ್ನ ಅಮ್ಮ ಹಿತ್ತಿಲ ಹಂಡೆಯಲ್ಲಿ ಹಾಕಿಕೊಟ್ಟ ಬಣ್ಣ. ಗುಂಪಿನಲ್ಲಿ ಒಂದು ಗಂಟೆ ಚರ್ಚೆಯಾಯಿತು, ಗಿಡದ ಜಾತಿ ಬೇರೆ ಅಂತ. ಕೊನೆಗೆ ಕಣ್ಣಿಗೆ ವ್ಯತ್ಯಾಸ ಕಾಣದ್ದರಿಂದ ಪಾಸ್ ಮಾಡಿದರು. ನೂಲುವುದು ತಕಲಿಯಲ್ಲಿ. ಚರಕ ಆ ಕಾಲದ ಇಂಗ್ಲೆಂಡಿನಲ್ಲಿ ಇರಲಿಲ್ಲ. ಸ್ಕೂಲಿನಲ್ಲಿ ತಕಲಿ ತಿರುಗಿಸಿದ ಹಿರಿಯರು ಇಲ್ಲಿದ್ದರೆ ನಮ್ಮ ಗುಂಪಿನಲ್ಲಿ ಕೂಡಲೇ ಕೆಲಸ ಕೊಡಿಸುತ್ತೇನೆ.

ಊಟ ಚುಟುಕಾಗಿ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದು ಸಪ್ಪೆ. ಬಾರ್ಲಿ, ಬಟಾಣಿ, ಎಲೆಕೋಸು ಹಾಕಿದ ಗಂಜಿ, ಒರಟು ರೊಟ್ಟಿ. ಆಲೂಗಡ್ಡೆ, ಟೊಮ್ಯಾಟೊ, ಹಸಿಮೆಣಸಿನಕಾಯಿ ಇಲ್ಲ, ಅಮೆರಿಕ ಖಂಡದ್ದು ಯಾವುದೂ ಇಲ್ಲ. ನಮ್ಮ ಕಡೆಯಿಂದ ಹೋದ ಪದಾರ್ಥ ಅಂದರೆ ಕರಿಮೆಣಸು. ಹೊರಗಿನ ವ್ಯಾಪಾರಿಗಳು ಲಂಡನ್‌ನಲ್ಲಿ ಸುಂಕವಾಗಿ ಮೆಣಸು ಕೊಡಬೇಕು ಅಂತ ಹಳೇ ಕಟ್ಟಳೆಯೊಂದರಲ್ಲಿದೆ. ಆದರೆ ಅದು ದೊಡ್ಡವರ ಮನೆಯದ್ದು. ನನ್ನ ಸೈನಿಕನ ಪಾಲಿಗೆ ಉಪ್ಪೇ ಗತಿ. ಚೀಲದಲ್ಲಿ ಒಂದು ಉಪ್ಪಿನಕಾಯಿ ಪೊಟ್ಟಣ ಇರುತ್ತದೆ, ಜನ ಹೋದ ಮೇಲೆ ತೆಗೆಯುತ್ತೇನೆ.

ಇನ್ನೊಂದು ಆಧಾರ, ಇದು ಸ್ವಲ್ಪ ಭಾರವಾದದ್ದು. ವಿಲಿಯಂ 1086ರಲ್ಲಿ ಇಂಗ್ಲೆಂಡಿನ ಬಹುಪಾಲು ಜಮೀನಿನ ಲೆಕ್ಕ ಬರೆಸಿದ. ಡೂಮ್ಸ್‌ಡೇ ಬುಕ್. ಇಡೀ ದೇಶದ ಪಹಣಿ ಅಂದುಕೊಳ್ಳಿ. 13,000ಕ್ಕೂ ಹೆಚ್ಚು ಊರುಗಳು. ಯಾರ ಜಮೀನು, ಎಷ್ಟು ನೇಗಿಲು, ಎಷ್ಟು ಹಿಟ್ಟಿನ ಗಿರಣಿ, ಕಂದಾಯಕ್ಕೆ ಎಷ್ಟು ಹಾವುಮೀನು. ಈಗ ಇಂಟರ್‌ನೆಟ್‌ನಲ್ಲಿ ಊರಿನ ಹೆಸರು ಹಾಕಿದರೆ ಸಿಗುತ್ತದೆ. ನಾವು ಪ್ರದರ್ಶನಕ್ಕೆ ಹೋಗುವ ಊರಿನ ಪಹಣಿ ಓದಿಕೊಂಡು ಹೋಗುತ್ತೇವೆ. ಯಾರ್ಕ್‌ಷೈರ್ ಕಡೆಯ ಎಷ್ಟೋ ಊರುಗಳ ಮುಂದೆ 'ಪಾಳು' ಅಂತ ಬರೆದಿದೆ. 1069–70ರ ಚಳಿಗಾಲದಲ್ಲಿ ದಂಗೆ ಅಡಗಿಸಲು ವಿಲಿಯಂನ ಸೈನಿಕರು ಬೆಳೆ, ದನ, ಮನೆ ಎಲ್ಲ ಸುಟ್ಟರು. ಜನ ಹಸಿವಿನಿಂದ ಸತ್ತರು. ನಾನು ಕಟ್ಟಿದ ವೇಷ ಸರಿಯಾಗಿ ಆ ವರ್ಷದ ನಾರ್ಮನ್ ಸೈನಿಕನದ್ದು. ಕತ್ತಿ ಹಿಡಿದು ಫೋಟೋ ತೆಗೆಸಿಕೊಳ್ಳಲು ಮಕ್ಕಳು ಓಡಿ ಬರುತ್ತಾರೆ. ಅವರ ಅಪ್ಪ ಅಮ್ಮ ಕೇಳಿದರೆ ಇದನ್ನೂ ಹೇಳುತ್ತೇನೆ. ಕೇಳದಿದ್ದರೂ ಒಮ್ಮೊಮ್ಮೆ ಹೇಳುತ್ತೇನೆ.

ಅಲ್ಲಿರುವವರಿಗೆ ಗುಂಪುಗಳ ಬಗ್ಗೆ ಎರಡು ಮಾತು. ಬ್ರಿಟನ್ನಿನಲ್ಲಿ ರೆಜಿಯಾ ಆಂಗ್ಲೋರಂ ಹಳೆಯ ಸಂಘ, 1986ರಿಂದ ಇದೆ. ಕೆಂಟ್‌ನಲ್ಲಿ ತಾವೇ ಮರದ ದೊಡ್ಡ ಮನೆ ಕಟ್ಟಿಕೊಂಡಿದ್ದಾರೆ. ಅಕ್ಟೋಬರ್‌ನಲ್ಲಿ ಬ್ಯಾಟಲ್ ಊರಿನ ರಣಭೂಮಿಯಲ್ಲೇ ಹೇಸ್ಟಿಂಗ್ಸ್ ಕದನವನ್ನು ಮತ್ತೆ ಆಡುತ್ತಾರೆ. ನಾರ್ಮಂಡಿಯಲ್ಲಿ ಕಾಂ ಊರಿನ ಪಕ್ಕ ಓರ್ನಾವಿಕ್ ಅಂತ ವೈಕಿಂಗ್, ನಾರ್ಮನ್ ಕಾಲದ ಮನೆಗಳನ್ನು ಕಟ್ಟಿದ ಜಾಗವಿದೆ. ಹೋಗಿ ಒಂದು ದಿನ ಸುಮ್ನೆ ಕೂತು ನೋಡಿ.

ಕೊನೆಗೆ ಪ್ರಶ್ನೆಗಳು. ಒಬ್ಬರು ನೇರವಾಗಿ ಕೇಳಿದರು, "ನಿಮ್ಮ ಬಣ್ಣದ ನಾರ್ಮನ್ ಇದ್ದನೇ?" ಇದನ್ನು ಅಲ್ಲೂ ಕೇಳುತ್ತಾರೆ. ಹೇಸ್ಟಿಂಗ್ಸ್‌ನಲ್ಲಿ ಕನ್ನಡಿಗ ಇದ್ದ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಸಿಸಿಲಿಯ ನಾರ್ಮನ್ ರಾಜ ಎರಡನೇ ರೋಜರನ ಆಸ್ಥಾನದಲ್ಲಿ ಅರಬ್ಬರು, ಗ್ರೀಕರು ತುಂಬಿದ್ದರು. ಅವನ ರೇಷ್ಮೆ ನಿಲುವಂಗಿಯ ಅಂಚಿನಲ್ಲಿ ಅರಬ್ಬೀ ಅಕ್ಷರದ ಕಸೂತಿ ಇದೆ, ಇವತ್ತಿಗೂ ವಿಯೆನ್ನಾದಲ್ಲಿ ನೋಡಬಹುದು. ಅದು ಬೇರೆ ಊರು, ಅರವತ್ತು ವರ್ಷ ಆಮೇಲಿನದು. ನಾನು ಆ ಸೈನಿಕ ಅಲ್ಲ, ಅವನ ಬಟ್ಟೆ ಹಾಕಿ ಅವನ ಕಥೆ ಹೇಳುವವನು. ಯಕ್ಷಗಾನದಲ್ಲಿ ರಾವಣನ ವೇಷ ಹಾಕಿದವರನ್ನು ಲಂಕೆಯ ಅಡ್ರೆಸ್ ಕೇಳುತ್ತೇವಾ?

ಆಗ ಮುಂದಿನ ಸಾಲಿನ ಹುಡುಗಿ, ಮೂರನೇ ಕ್ಲಾಸೋ ನಾಲ್ಕೋ, ಕೈ ಎತ್ತಿದಳು.

"ಅಂಕಲ್, ಅವಾಗ ಕನ್ನಡಕ ಇತ್ತಾ?"

ಇರಲಿಲ್ಲ. ಕನ್ನಡಕ ಇಟಲಿಯಲ್ಲಿ ಶುರುವಾದದ್ದು 13ನೇ ಶತಮಾನದ ಕೊನೆಗೆ. ಇಷ್ಟು ಹೊತ್ತು ಮೂಗಿನ ಮೇಲೆ ಇಟ್ಟುಕೊಂಡೇ ಮಾತಾಡಿದ್ದೆ. ಎಲ್ಲರೂ ನಕ್ಕರು, ತೆಗೆದು ಕಿಸೆಗೆ ಹಾಕಲು ಹೋದೆ. ಈ ಅಂಗಿಗೆ ಕಿಸೆ ಇಲ್ಲ. ಕನ್ನಡಕ ಕೈಯಲ್ಲೇ ಹಿಡಿದು ನಿಂತೆ. ಹಿಂದಿನ ಸಾಲಿನಿಂದ ಯಾರೋ ಮುಂದಿನ ಪ್ರಶ್ನೆಗೆ ಎದ್ದು ನಿಂತರು. ಯಾರು ಅಂತ ಕಾಣಲಿಲ್ಲ.